ಉತಾರದಾಗ ಇನ್ನೂ ಮುತ್ತಜ್ಜನ ಹೆಸರೇ? ಹೆಳವರ ಪುಸ್ತಕದಿಂದ ತಾಲೂಕು ಕಚೇರಿ ತನಕ ಹಿರಿಯರ ಜಾಡು ಹಿಡಿಯೋದು ಹೀಗೆ

ಗೋಕಾಕ/ಮೂಡಲಗಿ/ಹುಕ್ಕೇರಿ: ತೀರಿಹೋಗಿ ನಲವತ್ತು ವರ್ಷ ಆದರೂ ಹೊಲದ ಉತಾರದಲ್ಲಿ ಅಜ್ಜ ಇನ್ನೂ ಜೀವಂತ ಇರ್ತಾನೆ. ಈ ಮೂರೂ ತಾಲೂಕುಗಳ ಬಹಳಷ್ಟು ಮನೆಗಳ ಕತೆ ಇದು. ಮನೆಯವರು ಬಾಯಿಮಾತಲ್ಲೇ ಹೊಲ ಹಂಚಿಕೊಂಡು ಉಳುತ್ತಿರ್ತಾರೆ, ಕಾಗದ ಮಾತ್ರ ಹಳೆಯದೇ ಉಳಿದಿರ್ತದೆ. ಬೆಳೆಸಾಲ, ಪರಿಹಾರ, ವಾಟ್ನಿ, ಖರೇದಿ ಯಾವುದಕ್ಕೆ ಹೋದರೂ ಮೊದಲ ಪ್ರಶ್ನೆ ಒಂದೇ: "ಇವರು ನಿಮಗೇನಾಗಬೇಕು? ವಂಶಾವಳಿ ತಂದೀರಾ?"

ಆಗ ಶುರುವಾಗೋದೇ ಹುಡುಕಾಟ. ಅಜ್ಜನ ತನಕ ಎಲ್ಲರಿಗೂ ಗೊತ್ತು. ಅಜ್ಜನ ಅಪ್ಪ ಯಾರು, ಅವನಿಗೆ ಅಣ್ಣತಮ್ಮಂದಿರು ಎಷ್ಟು ಜನ, ಅಕ್ಕತಂಗಿಯರನ್ನು ಯಾವ ಊರಿಗೆ ಕೊಟ್ಟಿದ್ದರು ಅಂದರೆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಆದರೆ ಬೆಳಗಾವಿ ಜಿಲ್ಲೆಯಲ್ಲಿ ನೂರು ವರ್ಷದ ಹಿಂದಿನ ಒಬ್ಬ ಸಾಮಾನ್ಯ ರೈತನ ಬದುಕನ್ನೂ ಬಹುಮಟ್ಟಿಗೆ ಪತ್ತೆ ಮಾಡುವಷ್ಟು ದಾಖಲೆ ಇದೆ. ಯಾವುದು ಎಲ್ಲಿದೆ, ಹೇಗೆ ಓದಬೇಕು ಅನ್ನೋದು ಗೊತ್ತಿರಬೇಕು ಅಷ್ಟೇ.

ಮೊದಲು ಮನೆ, ಆಮೇಲೆ ಕಚೇರಿ

ಹುಡುಕಾಟ ಶುರು ಆಗಬೇಕಾದ್ದು ತಹಶೀಲ್ದಾರ್ ಕಚೇರಿಯಿಂದ ಅಲ್ಲ, ಮನೆಯ ಅತಿ ಹಿರಿಯ ಹೆಣ್ಣುಮಗಳಿಂದ. ಯಾರ ಮದುವೆ ಯಾವ ವರ್ಷ, ಯಾರನ್ನು ದತ್ತಕ ತಗೊಂಡರು, ಯಾವ ಮಗು ಸಣ್ಣದಿರುವಾಗಲೇ ಹೋಯಿತು ಅನ್ನೋ ಲೆಕ್ಕ ಗಂಡಸರಿಗಿಂತ ಅಜ್ಜಿ, ಅತ್ತೆ, ದೊಡ್ಡವ್ವ, ಚಿಗವ್ವಂದಿರ ಬಳಿ ಹೆಚ್ಚು ಪಕ್ಕಾ ಇರ್ತದೆ. "ಮುತ್ತ್ಯಾ ಯಾವ ಇಸ್ವಿಯೊಳಗ ಸತ್ತ?" ಅಂತ ಕೇಳಿದರೆ ಉತ್ತರ ಬರೋದಿಲ್ಲ. "ಮುತ್ತ್ಯಾ ಸತ್ತಾಗ ನಿನ್ನ ಮದುವಿ ಆಗಿತ್ತೇನು? ಹಿಡಕಲ್ ಡ್ಯಾಮ್ ಕಟ್ಟಿದ್ದರೇನು?" ಅಂತ ಕೇಳಿದರೆ ಬರ್ತದೆ. ಹೇಳಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ.

ನಂತರ ಟ್ರಂಕು. ಹಳೆಯ ಖರೇದಿ ಪತ್ರ, ಗಹಾಣ ಖತ, ಭೂಕಂದಾಯದ ಪಾವತಿ, ಸೊಸೈಟಿ ಪಾಸ್‌ಬುಕ್ಕು, ಲಗ್ನಪತ್ರಿಕೆ, ಫೋಟೋದ ಬೆನ್ನಿನ ಮೇಲಿನ ಬರಹ ಯಾವುದನ್ನೂ ರದ್ದಿ ಅಂತ ಒಗೆಯಬೇಡಿ. ಅಂಗಡಿಕಾರರ ಮನೆಯಲ್ಲಾದರೆ ಕಿರ್ದಿ-ಖತಾವಣಿ ಪುಸ್ತಕಗಳು ಇರ್ತವೆ. ದೀಪಾವಳಿಗೆ ಪೂಜೆ ಮಾಡಿ ಅಟ್ಟಕ್ಕೆ ಹಾಕಿದ ಆ ವಹಿಗಳಲ್ಲಿ ಗಿರಾಕಿಯ ಹೆಸರಿನ ಜೊತೆ ತಂದೆಯ ಹೆಸರು, ಅಡ್ಡಹೆಸರು, ಊರು ಬರೆದಿರುವುದುಂಟು. ನಿಮ್ಮ ಅಟ್ಟದ ಮೇಲಿನ ಪುಸ್ತಕ ಇನ್ನೊಬ್ಬರ ಮನೆತನಕ್ಕೆ ಸಾಕ್ಷಿ ಆಗಬಹುದು.

ಹೆಳವರ ಪುಸ್ತಕ

ಸರಕಾರ ಬರೆಯಲು ಶುರು ಮಾಡುವ ಮೊದಲೇ ನಮ್ಮ ಕಡೆ ವಂಶಾವಳಿ ಬರೆದಿಟ್ಟವರು ಹೆಳವರು. ಹೆಳವ ಅಂದರೆ ಕಾಲು ಊನ ಇದ್ದವನು. ಕುಲದ ಮೂಲಪುರುಷ ನಡೆಯಲಾರದವನಾಗಿದ್ದ, ಅವನನ್ನು ಎತ್ತಿನ ಮೇಲೆ ಕೂರಿಸಿ ಮನೆತನಗಳ ಹೆಸರು ಹೇಳಿ ಬದುಕು ಅಂತ ಕಳಿಸಿದರು ಎಂಬುದು ಅವರ ನಂಬಿಕೆ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಗಂಟೆ ಬಾರಿಸುತ್ತ ಬಂದು, ಮನೆಯ ಮುಂದೆ ನಿಂತು ಹಿರಿಯರ ಹೆಸರು ಒಂದೊಂದಾಗಿ ಹೊಗಳಿ ಹೇಳಿ, ಕಾಳು-ಕಡಿ, ಬಟ್ಟೆ, ರೊಕ್ಕ ತಗೊಂಡು ಹೋಗುವ ಪದ್ಧತಿ ಇವರದು. ಈಗ ಎತ್ತಿನ ಬದಲು ಮೋಟರ್‌ಸೈಕಲ್ ಬಂದಿದೆ, ತಾಮ್ರಪಟ-ತಾಳೆಗರಿಯ ಜಾಗಕ್ಕೆ ದಪ್ಪ ರಟ್ಟಿನ ಪುಸ್ತಕ ಬಂದಿದೆ.

ಪ್ರತಿ ಹೆಳವ ಕುಟುಂಬಕ್ಕೂ ಇಂಥ ಊರು, ಇಂಥ ಮನೆತನ ಅಂತ ಹಂಚಿಕೆ ಇರ್ತದೆ. ಅಂದ್ರೆ ನಿಮ್ಮ ಮನೆತನದ ಪುಸ್ತಕ ಎಲ್ಲ ಹೆಳವರ ಹತ್ತಿರ ಇರೋದಿಲ್ಲ, ಒಂದೇ ಮನೆಯವರ ಹತ್ತಿರ ಇರ್ತದೆ. ಅದನ್ನು ಪತ್ತೆ ಹಚ್ಚಲು ಸುಲಭ ದಾರಿ, ನಿಮ್ಮ ಅಣ್ಣತಮ್ಮಕಿಯ ಇತರ ಮನೆಗಳಲ್ಲಿ "ನಿಮ್ಮಲ್ಲಿಗೆ ಯಾವ ಊರಿನ ಹೆಳವ ಬರ್ತಾನ?" ಅಂತ ಕೇಳೋದು.

ಹೆಳವರು ಹೇಳುವುದರಲ್ಲಿ ಮೂರು ಸಂಗತಿ ಬೇರೆಲ್ಲೂ ಸಿಗದಂಥವು: ಮನೆತನದ ಮೂಲ ಊರು, ಅಲ್ಲಿಂದ ಯಾಕೆ ಎದ್ದು ಬಂದರು ಅನ್ನೋ ಕತೆ, ಮತ್ತು ಟಿಸಿಲೊಡೆದು ಬೇರೆ ಊರಿಗೆ ಹೋದ ಅಣ್ಣತಮ್ಮಂದಿರ ಹೆಸರು. ಹಾಗಂತ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಹಳೆಯ ತಲೆಮಾರುಗಳಿಗೆ ಇಸ್ವಿ ಇರೋದು ಕಡಿಮೆ. ಗಂಡುಮಕ್ಕಳ ಸಾಲು ಉದ್ದ ಇರ್ತದೆ, ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಿರ್ತದೆ. ಹೊಗಳಿಕೆಯ ಮಾತು ಬೇರೆ, ದಾಖಲೆಯ ಮಾತು ಬೇರೆ. ಹೆಳವ ಹೇಳಿದ್ದನ್ನು ದಾರಿ ತೋರಿಸುವ ಕೈಮರ ಅಂತ ತಿಳಿದುಕೊಂಡು ಮುಂದಿನದನ್ನು ಕಚೇರಿ ಕಾಗದದಲ್ಲಿ ತಾಳೆ ನೋಡಬೇಕು.

ಒಂದು ಮಾತು: ಹೆಳವರ ಮಕ್ಕಳು ಓದಿ ನೌಕರಿ ಹಿಡಿದು ಬೇರೆ ಕಡೆ ಹೋಗ್ತಿದ್ದಾರೆ. ಪುಸ್ತಕ ಇದ್ದರೂ ಅದನ್ನು ಓದಿ ಹೇಳುವವರು ಕಡಿಮೆ ಆಗ್ತಿದ್ದಾರೆ. ಈ ಸಲ ಹೆಳವ ಮನೆಗೆ ಬಂದರೆ ಕೈಗೆ ಹತ್ತು ರೂಪಾಯಿ ಕೊಟ್ಟು ಕಳಿಸಬೇಡಿ. ಕೂರಿಸಿ, ಊಟಕ್ಕೆ ಹಾಕಿ, ಪೂರ್ತಿ ಓದಿಸಿ, ಅವರ ಒಪ್ಪಿಗೆ ಕೇಳಿ ಪುಟಗಳ ಫೋಟೋ ತೆಗೆದುಕೊಳ್ಳಿ, ತಕ್ಕ ಗೌರವಧನ ಕೊಡಿ.

ಯಾವ ತಾಲೂಕಿನಲ್ಲಿ ಹುಡುಕಬೇಕು?

ಇಲ್ಲೇ ಬಹಳ ಜನ ದಾರಿ ತಪ್ಪುತ್ತಾರೆ. ಮೂಡಲಗಿ ತಾಲೂಕಾಗಿದ್ದು 2010ರ ದಶಕದ ಕೊನೆಗೆ. ಅದಕ್ಕೂ ಮೊದಲಿನ ಕಾಗದಗಳ ಮೇಲೆಲ್ಲ ತಾಲೂಕು ಗೋಕಾಕ ಅಂತಲೇ ಇರ್ತದೆ. ಹುಕ್ಕೇರಿಯವರದು ಇನ್ನೊಂದು ಥರ. 1884ರಲ್ಲಿ ಬಂದ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರ್‌ನ ಬೆಳಗಾವಿ ಸಂಪುಟದ ತಾಲೂಕುಗಳ ಪಟ್ಟಿಯಲ್ಲಿ ಗೋಕಾಕ ಇದೆ, ಚಿಕ್ಕೋಡಿ ಇದೆ, ಹುಕ್ಕೇರಿ ಇಲ್ಲ. ಆಗ ಹುಕ್ಕೇರಿ ಚಿಕ್ಕೋಡಿಯ ಕೈಕೆಳಗೆ. ಹಾಗಾಗಿ ಹುಕ್ಕೇರಿ ಭಾಗದ ಮುತ್ತಜ್ಜನ ಕಾಗದದ ಮೇಲೆ ಚಿಕ್ಕೋಡಿ ಅಂತ ಕಂಡರೆ ಗಾಬರಿ ಬೇಡ.

ಜಿಲ್ಲೆಯೂ ಹಾಗೆ. 1818ರಲ್ಲಿ ಪೇಶ್ವೆ ಆಡಳಿತ ಮುಗಿದ ಮೇಲೆ ಈ ಪ್ರದೇಶ ಧಾರವಾಡ ಕಲೆಕ್ಟರೇಟಿನಲ್ಲಿತ್ತು, 1836ರಲ್ಲಿ ಬೆಳಗಾವಿ ಪ್ರತ್ಯೇಕ ಆಯಿತು. 1956ರ ನವೆಂಬರ್ 1ರ ತನಕ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಸುತ್ತ ಕೊಲ್ಲಾಪುರ, ಸಾಂಗಲಿ, ಜಮಖಂಡಿ, ಮುಧೋಳ, ರಾಮದುರ್ಗ ಸಂಸ್ಥಾನಗಳಿದ್ದವು. ನಿಮ್ಮ ಮೂಲ ಊರು ಸಂಸ್ಥಾನದ್ದಾಗಿದ್ದರೆ 1948ಕ್ಕಿಂತ ಹಿಂದಿನ ದಾಖಲೆ ಬ್ರಿಟಿಷ್ ಜಿಲ್ಲೆಯ ಕಡತದಲ್ಲಿ ಸಿಗೋದಿಲ್ಲ. ಕೊಲ್ಲಾಪುರ ಸಂಸ್ಥಾನದ ಕಾಗದಗಳಿಗೆ ಕೊಲ್ಲಾಪುರದ ಪುರಾಲೇಖಾಗಾರ, ಮುಂಬಯಿ ಇಲಾಖೆಯವಕ್ಕೆ ಮುಂಬಯಿ ಮತ್ತು ಪುಣೆಯ ಪತ್ರಾಗಾರ, ನಮ್ಮ ರಾಜ್ಯದ್ದಕ್ಕೆ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆ.

ಉತಾರ ಹಿಂದಕ್ಕೆ ಓದಿ

ಹೊಲ ಇದ್ದ ಮನೆತನಕ್ಕೆ ಎಲ್ಲಕ್ಕಿಂತ ಗಟ್ಟಿ ದಾರಿ ಉತಾರ ಮತ್ತು ಡೈರಿ. ಇವತ್ತಿನ ಉತಾರದ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 10ನೇ ಕಾಲಂನಲ್ಲಿ ಆ ಹಕ್ಕು ಹೇಗೆ ಬಂತು ಅನ್ನೋದು ಮತ್ತು ಡೈರಿ ನಂಬರ, 11ರಲ್ಲಿ ಬೋಜಾ ಇತ್ಯಾದಿ. ಬಹಳ ಜನ 9ನೇ ಕಾಲಂ ನೋಡಿ ಮಡಚಿಡ್ತಾರೆ. ಹಿರಿಯರನ್ನು ಹುಡುಕುವವರಿಗೆ ಬೇಕಾದ್ದು 10ನೇ ಕಾಲಂ.

ಆ ನಂಬರಿನ ಡೈರಿ ನಕಲು ತೆಗೆಸಿದರೆ ಒಂದು ಸಣ್ಣ ಕತೆಯೇ ಸಿಗ್ತದೆ: ಇಂಥವರು ಇಂಥ ದಿನ ಮಯತ ಆದರು, ಇವರಿಗೆ ಇಷ್ಟು ಮಕ್ಕಳು, ಹೆಂಡತಿ ಇಂಥವಳು, ವರ್ದಿ ಕೊಟ್ಟವರು ಇವರು, ಪಂಚರು ಇವರು. ಆ ಡೈರಿಯಲ್ಲಿ ಹಿಂದಿನ ನೋಂದಿನ ಸುಳಿವು ಇರ್ತದೆ. ಹೀಗೆ ಒಂದರ ಬಾಲ ಹಿಡಿದು ಇನ್ನೊಂದಕ್ಕೆ ಹೋದರೆ ಮೂರು-ನಾಲ್ಕು ತಲೆಮಾರು ಹಿಂದಕ್ಕೆ ಹೋಗಬಹುದು. ಮುಂಬಯಿ ಇಲಾಖೆಯಲ್ಲಿ ಹಕ್ಕುದಾಖಲೆಯ ಕಾಯ್ದೆ ಬಂದಿದ್ದೇ 1903ರಲ್ಲಿ, ಆದ್ದರಿಂದ ಡೈರಿಯ ಸರಪಳಿ ಸಾಮಾನ್ಯವಾಗಿ 20ನೇ ಶತಮಾನದ ಮೊದಲ ದಶಕಗಳ ತನಕ ಸಿಗ್ತದೆ. ಅದರ ಹಿಂದಕ್ಕೆ ಮೂಲ ಸರ್ವೆಯ ಕಾಗದ ನೋಡಬೇಕು.

ಓದುವಾಗ ಕೆಲವು ಸಂಕ್ಷೇಪಗಳು ತಲೆ ಕೆಡಿಸ್ತವೆ. 'ಬಿನ್' ಅಂದರೆ ಇಂಥವರ ಮಗ, 'ಕೋಂ' ಅಂದರೆ ಇಂಥವರ ಹೆಂಡತಿ. 'ಅ.ಪಾ.ಕ.' ಅಂದರೆ ಅಜ್ಞಾನ ಪಾಲನಕರ್ತ. ಇಲ್ಲಿ ಅಜ್ಞಾನ ಅಂದರೆ ದಡ್ಡ ಅಂತ ಅಲ್ಲ, ವಯಸ್ಸಿಗೆ ಬಾರದ ಮಗು ಅಂತ. ಆ ಮಗುವಿನ ಪರವಾಗಿ ತಾಯಿಯೋ ಕಾಕಾನೋ ಹೆಸರು ಹಚ್ಚಿಸಿದ್ದಾರೆ ಅಂತ ಅರ್ಥ. ಮುತ್ತಜ್ಜನ ಹೆಸರಿನ ಮುಂದೆ ಇದು ಕಂಡರೆ, ಆ ವರ್ಷ ಅವನಿಗೆ 18 ತುಂಬಿರಲಿಲ್ಲ, ಅವನ ತಂದೆ ಆಗಲೇ ಹೋಗಿದ್ದ ಅಂತ ಒಮ್ಮೆಲೇ ಎರಡು ಸುಳಿವು ಸಿಕ್ಕ ಹಾಗೆ. 'ಏ.ಕು.ಮ್ಯಾ.' ಅಂದರೆ ಏಕತ್ರ ಕುಟುಂಬದ ಮ್ಯಾನೇಜರ್. ಹೆಸರು ಒಬ್ಬನದೇ ಇದ್ದರೂ ಹೊಲ ಅವನೊಬ್ಬನದೇ ಅಲ್ಲ, ಹಿಂದೆ ಅಣ್ಣತಮ್ಮಂದಿರಿದ್ದಾರೆ ಅನ್ನೋ ಸೂಚನೆ ಅದು. ಎಷ್ಟೋ ವಾಟ್ನಿ ತಕರಾರುಗಳು ಹುಟ್ಟೋದು ಈ ಮೂರಕ್ಷರವನ್ನು ಗಮನಿಸದೇ ಇದ್ದಾಗ.

ಸ್ವಂತ ಹೊಲ ಇಲ್ಲದ ಮನೆಯವರು ನಿರಾಶರಾಗಬೇಕಿಲ್ಲ. ಕುಳವಾಗಿ ಉಳುಮೆ ಮಾಡಿದವರ ಹೆಸರು 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಫಾರ್ಮ್ 7 ಅರ್ಜಿಗಳಲ್ಲಿ ಇದೆ. ಭೂನ್ಯಾಯ ಮಂಡಳಿ ಮುಂದೆ "ನಮ್ಮ ಅಪ್ಪನ ಕಾಲದಿಂದ ಈ ಹೊಲ ನಾವೇ ಮಾಡ್ತೀವಿ" ಅಂತ ಕೊಟ್ಟ ಹೇಳಿಕೆ ಕಡತದಲ್ಲಿ ಇರ್ತದೆ. ಅದು ನಿಮ್ಮ ಅಜ್ಜ ಸ್ವತಃ ಆಡಿದ ಮಾತು. ಇನ್ನು ಗೌಡಕಿ, ಕುಲಕರ್ಣಿಕಿ, ತಳವಾರಿಕಿ, ವಾಲೀಕಾರಿಕಿ ಮಾಡಿದ ಮನೆತನಗಳಿಗೆ ವತನದ ಕಡತ ದೊಡ್ಡ ಆಸ್ತಿ. ವತನ ಯಾರಿಗೆ ಹೋಗಬೇಕು ಅಂತ ತೀರ್ಮಾನಿಸಲು ಅದರಲ್ಲಿ ವಂಶಾವಳಿಯನ್ನೇ ಬರೆಸುತ್ತಿದ್ದರು.

ಪೇಟೆಯ ಮನೆ-ಅಂಗಡಿಗಳಿಗೆ, ಸಿಟಿ ಸರ್ವೆ ಆದ ಕಡೆ, ಸಿ.ಟಿ.ಎಸ್. ನಂಬರಿನ ಪ್ರಾಪರ್ಟಿ ಕಾರ್ಡು ಇದೇ ಕೆಲಸ ಮಾಡ್ತದೆ. ಸಬ್‌ರಜಿಸ್ಟ್ರಾರ್ ಕಚೇರಿಯ ಹಳೆಯ ಖರೇದಿ, ಬಕ್ಷೀಸ, ದತ್ತಕ ಪತ್ರಗಳ ನಕಲಿನಲ್ಲೂ ಸಂಬಂಧಗಳು ಸ್ಪಷ್ಟ ಇರ್ತವೆ.

ಶಾಲೆ, ಮಿಲ್ಲು, ಸೊಸೈಟಿ, ಡ್ಯಾಮ್

ಅಜ್ಜ ಎರಡನೇ ಇಯತ್ತೆ ತನಕ ಕಲಿತಿದ್ದರೂ ಸಾಕು, ಊರ ಕನ್ನಡ ಶಾಲೆಯ ಜನರಲ್ ರಜಿಸ್ಟರ್‌ನಲ್ಲಿ ಅವನ ಹೆಸರು ಇರ್ತದೆ. ತಂದೆ ಹೆಸರು, ಜಾತಿ, ಹುಟ್ಟಿದ ದಿನ, ಶಾಲೆ ಬಿಟ್ಟ ದಿನ ಒಂದೇ ಸಾಲಿನಲ್ಲಿ. ಹುಟ್ಟಿದ ದಿನ ಜೂನ್ 1 ಅಂತ ಇದ್ದರೆ ಅದು ನಿಜವಾದ ದಿನ ಆಗಿರಲಿಕ್ಕಿಲ್ಲ. ಶಾಲೆಗೆ ಹಾಕುವಾಗ ದಿನ ಗೊತ್ತಿಲ್ಲದ ಮಕ್ಕಳಿಗೆ ಮಾಸ್ತರರು ಅಂದಾಜಿನ ಮೇಲೆ ಹಾಕುತ್ತಿದ್ದ ತಾರೀಖು ಅದು. ವರ್ಷವನ್ನೂ ಒಂದೆರಡು ಹಿಂದೆಮುಂದೆ ಇಟ್ಟುಕೊಂಡೇ ನೋಡಬೇಕು.

ಘಟಪ್ರಭೆಯ ಫಾಲ್ಸ್ ಹತ್ತಿರ 1885ರಲ್ಲಿ ಕಂಪನಿಯಾಗಿ ಶುರುವಾದ ಗೋಕಾಕ ಮಿಲ್ಲಿಗೆ ಸುತ್ತಲ ಎಷ್ಟೋ ಊರುಗಳಿಂದ ಜನ ದುಡಿಯಲು ಬಂದರು. ಊರಿನ ದಾಖಲೆಯಲ್ಲಿ ಒಮ್ಮೆಲೇ ಮಾಯವಾದ ಅಜ್ಜ ಮಿಲ್ಲಿನ ಚಾಳಿನಲ್ಲಿ ಸಿಗಬಹುದು. 1952ರ ಕಾಯ್ದೆ ನಂತರದ ಭವಿಷ್ಯನಿಧಿ ಕಾಗದಗಳಲ್ಲಿ ವಾರಸುದಾರರ ಹೆಸರಿರ್ತದೆ. ಮನೆಯಲ್ಲಿ ಹಳೆಯ ಪಿ.ಎಫ್. ಚೀಟಿ, ಗೇಟ್ ಪಾಸು ಇದ್ದರೆ ಜೋಪಾನ ಮಾಡಿ.

ಸಹಕಾರಿ ಸಂಘಗಳ ಶೇರು ರಜಿಸ್ಟರ್ ಯಾರೂ ನೆನೆಸಿಕೊಳ್ಳದ ಇನ್ನೊಂದು ಗಣಿ. ಊರ ಕೃಷಿ ಪತ್ತಿನ ಸಂಘ, ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆ, 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಇಂಥಲ್ಲಿ ಅಜ್ಜ ಶೇರುದಾರನಾಗಿದ್ದರೆ ಹೆಸರು, ಊರು, ನಾಮಿನಿ ದಾಖಲಾಗಿರ್ತದೆ. ಹಿಡಕಲ್‌ನ ರಾಜಾ ಲಖಮಗೌಡ ಜಲಾಶಯಕ್ಕೆ ಹೊಲ-ಮನೆ ಕಳಕೊಂಡವರಿಗೆ ಭೂಸ್ವಾಧೀನದ ಕಡತವೇ ಊರಿನ ನೆನಪು. ಯಾರಿಗೆ ಎಷ್ಟು ಎಕರೆ-ಗುಂಟೆ ಹೋಯಿತು, ಪರಿಹಾರ ಯಾರು ಯಾರು ಹಂಚಿಕೊಂಡರು ಅನ್ನೋದು ಅದರಲ್ಲಿದೆ.

ಲಷ್ಕರಕ್ಕೆ ಹೋಗಿ ತಿರುಗಿ ಬಾರದ ಹಿರಿಯರಿದ್ದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ವೆಬ್‌ಸೈಟ್ ನೋಡಿ. ಎರಡೂ ಮಹಾಯುದ್ಧಗಳಲ್ಲಿ ಸತ್ತ ಭಾರತೀಯ ಸೈನಿಕರ ಹೆಸರು ಅದರಲ್ಲಿದೆ, ಬಹಳ ಕಡೆ ತಂದೆಯ ಹೆಸರು ಮತ್ತು ಊರು ಸಮೇತ. ಕಾಗುಣಿತ ಇಂಗ್ಲಿಷರ ಕಿವಿಗೆ ಕೇಳಿದ ಹಾಗೆ ಇರ್ತದೆ, ನಾಲ್ಕಾರು ಥರ ಬರೆದು ಹುಡುಕಬೇಕು.

ಮೋಡಿ ಲಿಪಿ, ಸಂವತ್ಸರದ ಲೆಕ್ಕ

ಹಳೆಯ ಕಾಗದ ಕೈಗೆ ಬಂದಾಗ "ಇದೇನು ಉರ್ದು ಐತೇನು?" ಅಂತ ಕೇಳುವವರಿದ್ದಾರೆ. ಅದು ಮೋಡಿ. ಮರಾಠಿಯನ್ನು ಕೈ ಎತ್ತದೆ ವೇಗವಾಗಿ ಬರೆಯುವ ಲಿಪಿ. ಮುಂಬಯಿ ಇಲಾಖೆಯಲ್ಲಿ 20ನೇ ಶತಮಾನದ ನಡುವಿನ ತನಕವೂ ಬಳಕೆಯಲ್ಲಿತ್ತು. ಓದಬಲ್ಲವರು ಬೆಳಗಾವಿ, ಕೊಲ್ಲಾಪುರ, ಪುಣೆ ಕಡೆ ಇದ್ದಾರೆ. ಮೂಲಪ್ರತಿ ಯಾರ ಕೈಗೂ ಕೊಟ್ಟು ಬರಬೇಡಿ, ಫೋಟೋ ಕೊಡಿ.

ತಾರೀಖು ಶಕೆಯಲ್ಲಿದ್ದರೆ 78 ಕೂಡಿಸಿ. ಜನವರಿಯಿಂದ ಯುಗಾದಿ ತನಕದ ತಿಂಗಳಾಗಿದ್ದರೆ 79. ಫಸಲಿ ವರ್ಷವಾದರೆ ಸುಮಾರು 590. ಬರೀ ಸಂವತ್ಸರದ ಹೆಸರಿದ್ದರೆ ಅದು 60 ವರ್ಷಕ್ಕೊಮ್ಮೆ ಬರ್ತದೆ ಅನ್ನೋದು ನೆನಪಿರಲಿ. ಹೇವಿಳಂಬಿ 1897ರಲ್ಲೂ ಬಂತು, 1957ರಲ್ಲೂ ಬಂತು, 2017ರಲ್ಲೂ ಬಂತು.

ಬಾಯಿಮಾತಿನ ಕಾಲಕ್ಕೂ ಇಸ್ವಿ ಹಚ್ಚಬಹುದು. "ಧಾತು ಬರದಾಗ" ಅಂದರೆ 1876-78ರ ದೊಡ್ಡ ಬರ. ಪ್ಲೇಗು 1896ರಲ್ಲಿ ಮುಂಬಯಿಗೆ ಕಾಲಿಟ್ಟು ಮುಂದಿನ ವರ್ಷಗಳಲ್ಲಿ ನಮ್ಮ ಕಡೆಗೂ ಬಂತು, ಜನ ಊರು ಬಿಟ್ಟು ಹೊಲದಲ್ಲಿ ಜೋಪಡಿ ಹಾಕಿಕೊಂಡಿದ್ದರು. "ಒಂದೇ ವಾರದಾಗ ಮನಿಯೊಳಗ ಮೂರು ಹೆಣ ಬಿದ್ದವು" ಅನ್ನೋ ಕತೆ 1918ರ ಇನ್‌ಫ್ಲುಯೆಂಜಾದ್ದಿರಬಹುದು. ಆ ವರ್ಷ ಮುಂಬಯಿ ಇಲಾಖೆಯೊಂದರಲ್ಲೇ ಹತ್ತು ಲಕ್ಷದಷ್ಟು ಜನ ಸತ್ತರು. ಅದೇ ಸುಮಾರಿಗೆ ಡೈರಿಯಲ್ಲಿ 'ಅ.ಪಾ.ಕ.' ಅಂತ ಕಂಡರೆ ಎರಡನ್ನೂ ಕೂಡಿಸಿ ನೋಡಿ.

ಹೆಸರಿನ ಗೊಂದಲ

ಮೊಮ್ಮಗನಿಗೆ ಅಜ್ಜನ ಹೆಸರಿಡೋದು ನಮ್ಮ ರೂಢಿ. ಅದಕ್ಕೇ ಒಂದೇ ಮನೆತನದಲ್ಲಿ ಮೂರು ಭೀಮಪ್ಪ, ನಾಲ್ಕು ಸಿದ್ದಪ್ಪ ಇರ್ತಾರೆ. ಹೆಸರೊಂದನ್ನೇ ನೋಡದೆ ತಂದೆ ಹೆಸರು ಮತ್ತು ಸರ್ವೆ ನಂಬರು ಮೂರೂ ಕೂಡಿದರೆ ಮಾತ್ರ ಇವನು ನಮ್ಮವನೇ ಅಂತ ಒಪ್ಪಬೇಕು. ಮನೆಯಲ್ಲಿ ಕರೆಯುವ ಹೆಸರು ಬೇರೆ, ಕಾಗದದ ಹೆಸರು ಬೇರೆ. ಸೊಸೆಯಾಗಿ ಬಂದವಳಿಗೆ ಗಂಡನ ಮನೆಯಲ್ಲಿ ಹೊಸ ಹೆಸರು ಇಟ್ಟಿರ್ತಾರೆ.

ಅಡ್ಡಹೆಸರೂ ಬದಲಾಗ್ತದೆ. ಊರು ಬಿಟ್ಟು ಹೋದವರಿಗೆ ಬಿಟ್ಟ ಊರೇ ಅಡ್ಡಹೆಸರು ಆಗೋದು ಸಾಮಾನ್ಯ. ಜ್ಞಾನಪೀಠ ಪಡೆದ ವಿ.ಕೃ. ಗೋಕಾಕ ಅವರು ಹುಟ್ಟಿದ್ದು 1909ರಲ್ಲಿ ಸವಣೂರಿನಲ್ಲಿ, ಅಡ್ಡಹೆಸರು ಮಾತ್ರ ಗೋಕಾಕ. 'ಆನಂದಕಂದ' ಬೆಟಗೇರಿ ಕೃಷ್ಣಶರ್ಮರ ಹೆಸರಿನಲ್ಲಿರುವ ಬೆಟಗೇರಿ ಗೋಕಾಕ ತಾಲೂಕಿನದು. ಊರಿನಲ್ಲೇ ಉಳಿದ ಅಣ್ಣನ ಮನೆಯವರು ಗೌಡರ, ಊರು ಬಿಟ್ಟ ತಮ್ಮನ ಮನೆಯವರು ಹುಕ್ಕೇರಿ ಅಂತ ಆಗಿರೋ ಸಾಧ್ಯತೆ ಇದ್ದೇ ಇರ್ತದೆ.

ಹೆಣ್ಣುಮಕ್ಕಳ ಹೆಸರು ಬಿಡಬೇಡಿ

ಹಳೆಯ ಪುಸ್ತಕದಲ್ಲಿ ಇಲ್ಲ ಅಂತ ವಂಶಾವಳಿಯಲ್ಲೂ ಹೆಣ್ಣುಮಕ್ಕಳನ್ನು ಬಿಟ್ಟರೆ ಮುಂದೆ ಕೋರ್ಟು ಕಾಯ್ತಿರ್ತದೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದೆ. ಆ ಹಕ್ಕು ಹುಟ್ಟಿನಿಂದಲೇ ಬರ್ತದೆ, 2005ಕ್ಕೆ ತಂದೆ ಬದುಕಿರಲೇಬೇಕು ಅಂತಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಮದುವೆಯಾಗಿ ಹೋದ ಅತ್ತೆಯಂದಿರು, ತೀರಿಹೋದ ಮಗಳ ಮಕ್ಕಳು ಎಲ್ಲರೂ ವಂಶವೃಕ್ಷದಲ್ಲಿ ಬರಬೇಕು. ಪಾಲು ಬೇಡ ಅನ್ನೋರು ಕಾನೂನು ಪ್ರಕಾರ ಬರೆದುಕೊಡಬಹುದು, ಹೆಸರು ಮುಚ್ಚಿಡೋದು ಮಾತ್ರ ಅಪರಾಧಕ್ಕೆ ದಾರಿ.

ಕಚೇರಿಗೆ ಹೋಗುವಾಗ

ಹಳೆಯ ಕೈಬರಹದ ಉತಾರ, ಡೈರಿಗಳಿಗೆ ತಾಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಡಬೇಕು. ಊರು, ಸರ್ವೆ ನಂಬರು, ವರ್ಷದ ಅಂದಾಜು ಇದ್ದರೆ ಕೆಲಸ ಸಲೀಸು. 'ಅಜ್ಜನ ಎಲ್ಲ ದಾಖಲೆ ಕೊಡಿ' ಅಂದರೆ ಸಿಗೋದಿಲ್ಲ. ಭೂ ಸುರಕ್ಷಾ ಯೋಜನೆಯಲ್ಲಿ ಹಳೆಯ ಕಡತಗಳ ಸ್ಕ್ಯಾನಿಂಗ್ ನಡೆದಿದೆ, ನಿಮ್ಮ ಊರಿನದು ಆಗಿದೆಯೇ ಕೇಳಿ. ದಾಖಲೆ ಇಲ್ಲ ಅಂದರೆ ಬಾಯಿಮಾತಿಗೆ ತಿರುಗಿ ಬರಬೇಡಿ, ಹಿಂಬರಹ ಬರೆಸಿಕೊಳ್ಳಿ. ಮುಂದೆ ಮರಣ ದಾಖಲೆ ಇಲ್ಲ ಅಂತ ತೋರಿಸಲು ಅದೇ ಆಧಾರ. ಮಾಹಿತಿ ಹಕ್ಕಿನ ಅರ್ಜಿ ಹಾಕುವುದಾದರೆ ಶುಲ್ಕ 10 ರೂಪಾಯಿ, ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದ ಒಳಗೆ, ಉತ್ತರಕ್ಕೆ 30 ದಿನ.

ವಂಶವೃಕ್ಷದ ಪ್ರಮಾಣಪತ್ರಕ್ಕೆ ಅರ್ಜಿ ನಾಡಕಚೇರಿಯಲ್ಲಿ. "ಎಲ್ಲಾ ನಾವ ಮಾಡಿಸಿ ಕೊಡ್ತೀವಿ, ನೀವು ಸಹಿ ಹಾಕ್ರಿ ಸಾಕು" ಅನ್ನುವ ಏಜೆಂಟರ ಕೈಗೆ ಖಾಲಿ ಕಾಗದ ಕೊಡಬೇಡಿ. ಒಂದು ಹೆಸರು ತಪ್ಪಿದರೆ ಕಟಕಟೆ ಹತ್ತೋದು ಸಹಿ ಹಾಕಿದವರು.

ಸಿಕ್ಕ ಪ್ರತಿಯೊಂದು ಹೆಸರಿನ ಮುಂದೆ ಅದು ಎಲ್ಲಿ ಸಿಕ್ಕಿತು ಅಂತ ಬರೆದಿಡಿ: ಅಜ್ಜಿ ಹೇಳಿದ್ದು, ಹೆಳವರ ಪುಸ್ತಕ, ಡೈರಿ ನಂಬರು, ಶಾಲೆ ರಜಿಸ್ಟರ್. ಎರಡು ಕಡೆ ಕೂಡಿಬಂದ ಹೆಸರು ಗಟ್ಟಿ, ಒಂದೇ ಕಡೆ ಸಿಕ್ಕಿದ್ದು ಇನ್ನೂ ನೋಡಬೇಕಾದ್ದು. ಒಂದು ಪ್ರತಿ ಅಣ್ಣತಮ್ಮಕಿಯ ಪ್ರತಿ ಮನೆಗೂ ಕೊಡಿ. ಕಾಗದಕ್ಕೆ ಇನ್ನೂ ಹತ್ತು ವರ್ಷ ಆಯುಷ್ಯ ಇದ್ದೀತು, ರೆಕಾರ್ಡ್ ರೂಮು ಎಲ್ಲೂ ಓಡಿಹೋಗೋದಿಲ್ಲ. ತೊಂಬತ್ತು ದಾಟಿದ ದೊಡ್ಡವ್ವನ ನೆನಪಿಗೆ ಮಾತ್ರ ಅಷ್ಟು ಪುರುಸೊತ್ತು ಇಲ್ಲ. ಮೊದಲು ಅಲ್ಲಿಗೆ ಹೋಗಿ.